ತೇರಿನ ಬೀದಿಯಲ್ಲಿ ಧ್ವನಿಸುರುಳಿ

ಒಂದು ಹಾಡನ್ನು ಕೇಳಿ ಮೆಚ್ಚಿದ ಮೇಲೆ ಅದನ್ನು ರಚಿಸಿದವರಾರು, ಅದರ ರಾಗವಾವುದು, ಹಾಡಿದ ಕಂಠ ಯಾರದು ಎಂದು ವಿಚಾರಿಸುವ ರಸಿಕರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ; ಆದರೆ ಆ ಹಾಡು ಯಾವ ಅಂಗಡಿಯ ಹಲಗೆಯ ಮೇಲಿಂದ ತಮ್ಮ ಮನೆಗೆ ಬಂದಿತು, ಆ ಅಂಗಡಿಯವನು ಅದರ ಜೊತೆಗೆ ಇನ್ನೇನನ್ನು ಮಾರುತ್ತಿದ್ದನು, ತಾವು ಕೊಟ್ಟ ಹಣದಲ್ಲಿ ಹಾಡಿದವನ ಪಾಲಿಗೆ ಸಂದದ್ದೆಷ್ಟು ಎಂಬ ಲೌಕಿಕ ಪ್ರಶ್ನೆಗಳನ್ನು ಎತ್ತುವವರು ವಿರಳ. ಸಂಗೀತವು ಗಂಧರ್ವವಿದ್ಯೆಯೆಂಬ ಪೂಜ್ಯಭಾವವೇ ಈ ಮೌನಕ್ಕೆ ಕಾರಣವಿದ್ದೀತು. ಗಂಧರ್ವರಿಗೆ ಬಾಡಿಗೆ ಮನೆಯಿಲ್ಲ, ಮಕ್ಕಳ ಶಾಲೆಯ ಶುಲ್ಕವಿಲ್ಲ. ಕಲಬುರಗಿ ಸೀಮೆಯ ಭಜನಿ ಪದದ ಗಾಯಕನಿಗೆ ಇವೆರಡೂ ಉಂಟು. ಆದುದರಿಂದ ಹಾಡು ಮಾರಾಟವಾಗುವ ಸ್ಥಳವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಯೋಚಿಸುವುದು ಅನುಚಿತವಾಗಲಾರದು.

ಈ ವಿಚಾರಕ್ಕೆ ಪ್ರವೇಶದ್ವಾರವಾಗಿ ಅಮೆರಿಕೆಯಲ್ಲಿ ನಡೆದ ಒಂದು ಪ್ರಸಂಗವನ್ನು ನೋಡಬಹುದು. 1962ರಲ್ಲಿ ಅರ್ಕಾನ್ಸಾ ಪ್ರಾಂತದ ರೋಜರ್ಸ್ ಎಂಬ ಸಣ್ಣ ಊರಿನಲ್ಲಿ ಸ್ಯಾಮ್ ವಾಲ್ಟನ್ ಎಂಬ ವರ್ತಕನು ವಾಲ್‌ಮಾರ್ಟ್ ಮಳಿಗೆಯನ್ನು ತೆರೆದನು. ಮಹಾನಗರಗಳಲ್ಲಿ ಪ್ರತಿಸ್ಪರ್ಧಿಗಳೊಡನೆ ಸೆಣಸುವ ಬದಲು, ಮಿಕ್ಕವರು ಗಣನೆಗೆ ತಾರದ ಹಳ್ಳಿಗಾಡಿನ ಪಟ್ಟಣಗಳಲ್ಲಿ ವಿಶಾಲವಾದ ಮಳಿಗೆಯನ್ನು ಕಟ್ಟಿ, ಸೂಜಿಯಿಂದ ಮೊದಲ್ಗೊಂಡು ಸೈಕಲ್ಲಿನವರೆಗೆ ಸಕಲ ವಸ್ತುಗಳನ್ನೂ ಒಂದೇ ಸೂರಿನಡಿ ಅಗ್ಗದ ಬೆಲೆಗೆ ಮಾರುವುದು ಅವನ ತಂತ್ರವಾಗಿತ್ತು. ಇಪ್ಪತ್ತೊಂದನೆಯ ಶತಮಾನದ ಆರಂಭಕ್ಕೆ ಆ ದೇಶದ ಗ್ರಾಮಾಂತರ ಪ್ರದೇಶಗಳಲ್ಲಿ ಹಾಡಿನ ತಟ್ಟೆ ಬೇಕಾದವನು ಹೋಗಬಹುದಾದ ಅಂಗಡಿಯೆಂದರೆ ಬಹುಮಟ್ಟಿಗೆ ಇದೊಂದೇ ಎಂಬ ಸ್ಥಿತಿ ಒದಗಿತು. ಅತ್ತ ಸಂಗೀತವನ್ನೇ ನೆಚ್ಚಿ ಬದುಕಿದ್ದ ಟವರ್ ರೆಕಾರ್ಡ್ಸ್‌ನಂಥ ಪ್ರಸಿದ್ಧ ಮಳಿಗೆಗಳು 2006ರಲ್ಲಿ ಬಾಗಿಲು ಹಾಕಿದವು.

ಗಾರ್ತ್ ಬ್ರೂಕ್ಸ್ ಎಂಬ ಜನಪ್ರಿಯ ಹಳ್ಳಿಗಾಡಿನ ಶೈಲಿಯ ಗಾಯಕನು ತನ್ನ ಧ್ವನಿಮುದ್ರಣ ಕಂಪನಿಯಿಂದ ಹೊರಬಂದು, ತನ್ನ ಹಾಡುಗಳ ಮೂಲಪ್ರತಿಗಳ ಒಡೆತನವನ್ನು ಕೈಯಲ್ಲಿಟ್ಟುಕೊಂಡು, 2005ರಲ್ಲಿ ವಾಲ್‌ಮಾರ್ಟಿನೊಡನೆ ನೇರವಾಗಿ ಒಪ್ಪಂದ ಮಾಡಿಕೊಂಡನು: ಅವನ ಹಾಡು ಇನ್ನು ಅಲ್ಲಿ ಮಾತ್ರ ದೊರೆಯತಕ್ಕದ್ದು. ಎರಡು ವರ್ಷಗಳ ತರುವಾಯ ಈಗಲ್ಸ್ ತಂಡವು ಅದೇ ದಾರಿಯನ್ನು ಹಿಡಿಯಿತು. 2007ರ ಅಕ್ಟೋಬರ್ 30ರಂದು ಹೊರಬಂದ ಅವರ ಎರಡು ತಟ್ಟೆಗಳ ಸಂಪುಟದ ಬೆಲೆ 11 ಡಾಲರು 88 ಸೆಂಟು. ಮೊದಲ ವಾರದಲ್ಲಿಯೇ ಅಮೆರಿಕೆಯಲ್ಲಿ 7 ಲಕ್ಷ 11 ಸಾವಿರ ಪ್ರತಿಗಳು ಬಿಕರಿಯಾದವು. ಅದುವರೆಗೆ ಒಂದೇ ವ್ಯಾಪಾರಿಯಲ್ಲಿ ಮಾರಾಟವಾಗುವ ಸಂಪುಟಕ್ಕೆ ತನ್ನ ಜನಪ್ರಿಯತೆಯ ಪಟ್ಟಿಯಲ್ಲಿ ಸ್ಥಾನವಿಲ್ಲವೆನ್ನುತ್ತಿದ್ದ ಬಿಲ್‌ಬೋರ್ಡ್ ಪತ್ರಿಕೆ, ಇಷ್ಟು ದೊಡ್ಡ ಸಂಖ್ಯೆಯನ್ನು ಕಾಣದಂತೆ ನಟಿಸುವುದು ಅಸಾಧ್ಯವೆನಿಸಿ, ಆ ವಾರವೇ ತನ್ನ ನಿಯಮವನ್ನು ಬದಲಿಸಿಕೊಂಡಿತು. ಮರುವರ್ಷ ಎಸಿ/ಡಿಸಿ ತಂಡವೂ ಇದನ್ನೇ ಅನುಸರಿಸಿ ಮೊದಲ ವಾರದಲ್ಲಿ 7 ಲಕ್ಷ 84 ಸಾವಿರ ಪ್ರತಿಗಳನ್ನು ಮಾರಿತು.

ಇದರಲ್ಲಿ ಅಂಗಡಿಯವನು ನೋಡಿದ್ದು ಹಾಡಿನಿಂದ ಬರುವ ಲಾಭವನ್ನಲ್ಲ. ತಟ್ಟೆಯನ್ನು ಅಸಲಿಗೆ ಅಥವಾ ಅಸಲಿಗಿಂತ ಕಡಿಮೆಗೆ ಮಾರಿದರೂ, ಅದನ್ನು ಕೊಳ್ಳಲು ಬಂದವನು ಸಾಬೂನು, ಬೂಟು, ಕುರ್ಚಿಗಳನ್ನೂ ಕೊಂಡು ಹೋಗುತ್ತಾನೆಂಬುದು ಅವನ ಲೆಕ್ಕ.

ಈಗ ಕಲಬುರಗಿಗೆ ಬರೋಣ. ಇಲ್ಲಿ ಅಂಥ ಮಹಾಮಳಿಗೆ ಕ್ಯಾಸೆಟ್ಟಿನ ಕಾಲದಲ್ಲಿ ಇರಲಿಲ್ಲ. ಊರಿನಲ್ಲಿ ‘ಸೂಪರ್ ಮಾರ್ಕೆಟ್’ ಎಂಬ ಪ್ರದೇಶವೇನೋ ಉಂಟು, ಆದರೆ ಅದು ನೂರಾರು ಸಣ್ಣ ಅಂಗಡಿಗಳು ಒತ್ತೊತ್ತಾಗಿ ನಿಂತ ನಮ್ಮ ಹಳೆಯ ಬಗೆಯ ಪೇಟೆಯೇ. ಸಂಗೀತಕ್ಕಾಗಿಯೇ ಮೀಸಲಾದ ದೊಡ್ಡ ಮಳಿಗೆಗಳು ನಮ್ಮ ದೇಶದಲ್ಲಿ ಬಹುಮಟ್ಟಿಗೆ ಮಹಾನಗರಗಳ ಸೊತ್ತಾಗಿದ್ದವು. ಅವುಗಳಲ್ಲಿ ಹೆಸರುವಾಸಿಯಾದ ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಮ್ಯೂಸಿಕ್ ವರ್ಲ್ಡ್ ಕೂಡ 2013ರಲ್ಲಿ ಮುಚ್ಚಿತು. ನಮ್ಮಲ್ಲಿ ಮಹಾಮಳಿಗೆಯ ಕೆಲಸವನ್ನು ಮಾಡಿದ್ದು ಜಾತ್ರೆ.

ಹೋಳಿಹುಣ್ಣಿಮೆ ಕಳೆದ ಮೇಲೆ ನಡೆಯುವ ಕಲಬುರಗಿಯ ಶರಣಬಸವೇಶ್ವರರ ರಥೋತ್ಸವವನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ತೊಗರಿಯ ರಾಶಿ ಮುಗಿದು, ನೆಹರೂ ಗಂಜಿನಲ್ಲಿ ಕಾಳು ತೂಗಿ, ಸಾಲ ಕೊಟ್ಟವನಿಗೆ ಕೊಡುವುದನ್ನು ಕೊಟ್ಟು, ಉಳಿದುದರಲ್ಲಿ ನಾಲ್ಕು ಕಾಸು ಕೈಯಲ್ಲಿ ಆಡುವ ಕಾಲವದು. ಆಳಂದ, ಅಫಜಲಪುರ, ಜೇವರ್ಗಿ, ಚಿಂಚೋಳಿ, ಕಮಲಾಪುರಗಳ ಕಡೆಯಿಂದ ಕುಟುಂಬಸಮೇತರಾಗಿ ಬಂದ ಜನ ತೇರಿಗೆ ಉತ್ತತ್ತಿ ಎಸೆದು ಕೈಮುಗಿದ ಮೇಲೆ, ಬಳೆ, ಪಾತ್ರೆ, ಬೆಂಡು-ಬತ್ತಾಸು, ಆಟಿಕೆ, ದೇವರ ಪಟ ಇವೆಲ್ಲವನ್ನೂ ಒಂದೇ ಬೀದಿಯಲ್ಲಿ ಕೊಳ್ಳುತ್ತಾರೆ. ಈ ಸಾಲಿನ ನಡುವೆ, ಸುಮಾರು 1980ರ ದಶಕದಿಂದ ಮುಂದಿನ ಇಪ್ಪತ್ತೈದು ವರ್ಷಗಳ ಕಾಲ, ಧ್ವನಿವರ್ಧಕದಲ್ಲಿ ಎಡೆಬಿಡದೆ ಹಾಡು ಹಾಕಿ ಕುಳಿತ ಕ್ಯಾಸೆಟ್ಟಿನ ಅಂಗಡಿಯೊಂದು ಇದ್ದೇ ಇರುತ್ತಿತ್ತು. ಖ್ವಾಜಾ ಬಂದೇನವಾಜರ ದರ್ಗಾದ ಉರುಸಿನಲ್ಲಿ ಕವ್ವಾಲಿಗೂ, ಗಾಣಗಾಪುರದ ಹುಣ್ಣಿಮೆಗೆ ಬರುವ ಮರಾಠಿ ಭಕ್ತರಿಗಾಗಿ ದತ್ತನ ಆರತಿಗೂ, ಬಸ್ ನಿಲ್ದಾಣದ ಬದಿಯಲ್ಲಿ ಸಿನಿಮಾ ಹಾಡಿಗೂ ಇಂಥವೇ ಅಂಗಡಿಗಳು. ಬೆಂಗಳೂರು ಆರುನೂರು ಕಿಲೋಮೀಟರಿನಷ್ಟು ದೂರ, ಸೊಲ್ಲಾಪುರವೂ ಹೈದರಾಬಾದೂ ಅದಕ್ಕಿಂತ ಬಹಳ ಹತ್ತಿರ. ಹೀಗಾಗಿ ಒಂದೇ ಹಲಗೆಯ ಮೇಲೆ ಕನ್ನಡ, ಉರ್ದು, ಮರಾಠಿ, ತೆಲುಗು ಸುರುಳಿಗಳು ಭುಜಕ್ಕೆ ಭುಜ ತಾಗಿಸಿಕೊಂಡು ಕುಳಿತಿರುತ್ತಿದ್ದುದು ಈ ಭಾಗದ ಒಂದು ವಿಶೇಷ. ಬೆಂಗಳೂರಿನ ಮಾರಾಟಗಾರನಿಗೆ ಇದು ಕೊನೆಯ ಊರಾಗಿ ಕಂಡರೆ, ಕೊಳ್ಳುವವನಿಗೆ ಇದು ನಾಲ್ಕು ಭಾಷೆಗಳ ಕೂಡುದಾರಿಯಾಗಿತ್ತು.

ಕ್ಯಾಸೆಟ್ಟಿಗೆ ಮುಂಚೆ ಹಳ್ಳಿಗೆ ಹಾಡು ಕೊಂಡು ತರುವುದೆಂಬುದೇ ಇರಲಿಲ್ಲವೆಂದರೆ ತಪ್ಪಾಗದು. ಭಾರತದಲ್ಲಿ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ. ಆದರೆ ಗ್ರಾಮಫೋನು ದಶಕಗಟ್ಟಲೆ ಶ್ರೀಮಂತರ ದಿವಾನಖಾನೆಯನ್ನು ಬಿಟ್ಟು ಅತ್ತಿತ್ತ ಕದಲಲಿಲ್ಲ. 1966ರಲ್ಲಿ ಕಲಬುರಗಿಯ ಆಕಾಶವಾಣಿ ಕೇಂದ್ರ ಹುಟ್ಟಿದ ಮೇಲೆ ಸ್ಥಳೀಯ ಗಾಯಕರ ಧ್ವನಿ ಮನೆಮನೆಗೆ ಕೇಳಿಸಿತಾದರೂ, ಅದು ಬಂದು ಹೋಗುವ ಅತಿಥಿ, ಬೇಕೆಂದಾಗ ಒದಗುವ ಸ್ವತ್ತಲ್ಲ. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಪುಟ್ಟ ಕ್ಯಾಸೆಟ್ಟು ಹದಿನೈದಿಪ್ಪತ್ತು ವರ್ಷಗಳ ಮೇಲೆ ನಮ್ಮ ಹಳ್ಳಿಗಳನ್ನು ಹೊಕ್ಕಿತು. ಕನ್ನಡದಲ್ಲಿ ನಿಸಾರ್ ಅಹಮದರ ಗೀತೆಗಳ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದು ಭಾವಗೀತೆಯನ್ನು ಮಧ್ಯಮವರ್ಗದ ಮನೆಗಳಿಗೆ ತಲುಪಿಸಿದರೆ, ದೆಹಲಿಯ ದರಿಯಾಗಂಜಿನ ಹಣ್ಣಿನ ರಸದ ಅಂಗಡಿಯಿಂದ ಮೇಲೆದ್ದ ಗುಲ್ಶನ್ ಕುಮಾರರ ಟಿ-ಸೀರೀಸ್, ಸಂಗೀತದ ಅಂಗಡಿಗಳನ್ನು ನೆಚ್ಚಿಕೊಳ್ಳದೆ ಪಾನ್ ಅಂಗಡಿ, ಕಿರಾಣಿ ಅಂಗಡಿಗಳಲ್ಲೆಲ್ಲ ಕ್ಯಾಸೆಟ್ಟನ್ನಿರಿಸಿ ಹಳೆಯ ಎಚ್.ಎಂ.ವಿ.ಯ ಏಕಾಧಿಪತ್ಯವನ್ನು ಮುರಿಯಿತು. ಬೆಂಗಳೂರಿನಲ್ಲಿ ಲಹರಿ, ಸಂಗೀತಾ ಮೊದಲಾದ ಸಂಸ್ಥೆಗಳು ಬೆಳೆದವು. 2006ರ ಹೊತ್ತಿಗೆ ಮೋಸರ್ ಬೇಯರ್ ಕಂಪನಿ ಸಿನಿಮಾದ ತಟ್ಟೆಯನ್ನು 28 ರೂಪಾಯಿಗೆ ಕೊಟ್ಟದ್ದು ಇದೇ ಸರಣಿಯ ಕೊನೆಯ ಘಟ್ಟ.

ಮಾರುವ ಸ್ಥಳ ಹಾಡನ್ನು ಹೇಗೆ ತಿದ್ದುತ್ತದೆಂಬುದಕ್ಕೆ ಈ ಸೀಮೆಯ ಭಜನಾಮೇಳಗಳು ಹಾಡುವ ತತ್ತ್ವಪದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಕಡಕೋಳ ಮಡಿವಾಳಪ್ಪ, ಅವರ ಶಿಷ್ಯಪರಂಪರೆಗೆ ಸೇರಿದ ಚೆನ್ನೂರ ಜಲಾಲಸಾಹೇಬ ಮೊದಲಾದವರ ಪದಗಳನ್ನು ಇಲ್ಲಿನ ಊರೂರುಗಳಲ್ಲಿ ಅಮಾವಾಸ್ಯೆಗೂ ಶ್ರಾವಣದ ಸೋಮವಾರಗಳಿಗೂ ಇರುಳಿಡೀ ಹಾಡುತ್ತಾರೆ. ಏಕತಾರಿ, ದಮ್ಮಡಿ, ತಾಳ, ಹೆಚ್ಚೆಂದರೆ ಒಂದು ಹಾರ್ಮೋನಿಯಂ. ಹೊತ್ತು ಏರಿದಂತೆ ಪದವೂ ಏರುತ್ತದೆ. ಒಬ್ಬರು ಪಲ್ಲವಿಯೆತ್ತಿದರೆ ಕೂಡಿದವರೆಲ್ಲ ಅದನ್ನು ಹಿಡಿದು, ತಿರುಗಿಸಿ, ಮತ್ತೆ ಮತ್ತೆ ಹಾಡಿ, ನಡುವೆ ಅರ್ಥ ಹೇಳಿ, ಎದುರು ಮೇಳದವರು ಸವಾಲು ಹಾಕಿ, ಒಂದೇ ಪದ ಕಾಲು ಗಂಟೆಯಾದರೂ ಮುಗಿಯದೆ ಬೆಳೆಯುವುದು ಸಾಮಾನ್ಯ. ಅರುವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ ಮೂವತ್ತು ನಿಮಿಷ. ಜಾತ್ರೆಯಲ್ಲಿ ಕೊಳ್ಳುವವನು ಹಿಂಬದಿಯ ಕಾಗದದಲ್ಲಿ ಹಾಡುಗಳ ಸಂಖ್ಯೆಯನ್ನು ಎಣಿಸಿಯೇ ಹಣ ತೆಗೆಯುವುದರಿಂದ, ಒಂದು ಬದಿಗೆ ನಾಲ್ಕೈದು ಪದಗಳನ್ನು ಹೊಂದಿಸಲೇಬೇಕು. ಹೀಗೆ ಹೊಂದಿಸುವಾಗ ಮೊದಲು ಕತ್ತರಿ ಬಿದ್ದದ್ದು ಅರ್ಥ ಹೇಳುವ ಭಾಗಕ್ಕೆ, ಆಮೇಲೆ ಪುನರಾವರ್ತನೆಗೆ, ಕಡೆಗೆ ಏಕತಾರಿಯ ಜಾಗದಲ್ಲಿ ಕೀಬೋರ್ಡು ಬಂದು ಕುಳಿತಿತು, ಏಕೆಂದರೆ ಜಾತ್ರೆಯ ಗದ್ದಲದಲ್ಲಿ ಏಕತಾರಿಯ ನಾದ ಧ್ವನಿವರ್ಧಕದಿಂದ ಕೇಳಿಸದು, ಕೀಬೋರ್ಡಿನದು ಕೇಳಿಸುತ್ತದೆ. ಕೇಳಿಸದುದು ಮಾರಾಟವಾಗದು.

ಈ ಬದಲಾವಣೆಯನ್ನು ಕುರಿತು ಕಣ್ಣೀರಿಡುವವರ ಸಾಲಿಗೆ ನಾನು ಸೇರಲಾರೆ. ಕ್ಯಾಸೆಟ್ಟಿಲ್ಲದಿದ್ದರೆ ಎಷ್ಟೋ ಪದಗಳು ಆಯಾ ಊರಿನ ಮೇಳದೊಂದಿಗೆ ಅಸ್ತಂಗತವಾಗುತ್ತಿದ್ದವು. ಮೊಹರಮ್ಮಿನ ಕನ್ನಡ ರಿವಾಯತ ಪದಗಳು, ಡೊಳ್ಳಿನ ಪದ, ಗೀಗೀ ಪದಗಳೂ ಮುದ್ರಿತ ಧ್ವನಿಯಾಗಿ ಉಳಿದವು. ಗುರುರಾಜ ಹೊಸಕೋಟಿಯವರಂಥ ಜಾನಪದ ಗಾಯಕರೂ ಗಂಗಾವತಿಯ ಪ್ರಾಣೇಶರಂಥ ಹಾಸ್ಯಗಾರರೂ ಉತ್ತರ ಕರ್ನಾಟಕದ ಮಾತನ್ನು, ಅದರ ಕಾಕುವನ್ನು, ಅದರ ಕೀಟಲೆಯನ್ನು ಸುರುಳಿಗಳ ಮೂಲಕ ಇಡೀ ನಾಡಿಗೆ ಪರಿಚಯಿಸಿದರು; ಬೆಂಗಳೂರಿನ ಸಾಹಿತ್ಯಗೋಷ್ಠಿಗಳು ಆ ಭಾಷೆಯನ್ನು ಮುಕ್ತವಾಗಿ ಸವಿಯಲು ಕಲಿತದ್ದು ಲಾರಿ ಚಾಲಕರಿಗಿಂತ ತಡವಾಗಿ.

ಅದಂತಿರಲಿ. ‘ಇಲ್ಲಿ ಮಾತ್ರ ದೊರೆಯುತ್ತದೆ’ ಎಂಬ ಏಕಮುಖ ಮಾರಾಟಕ್ಕೆ ನಮ್ಮಲ್ಲಿಯೂ ಒಂದು ದೂರದ ಸೋದರಸಂಬಂಧಿ ಉಂಟು: ಮಠಗಳ ಪುಸ್ತಕದ ಮಳಿಗೆ. ಸ್ವಾಮಿಗಳ ಪ್ರವಚನ, ಆಯಾ ಕ್ಷೇತ್ರದ ಸುಪ್ರಭಾತ, ಅಲ್ಲಿಯ ಆಸ್ಥಾನಗಾಯಕರ ವಚನಗಾಯನ ಇವು ಪೇಟೆಯ ಅಂಗಡಿಯಲ್ಲಿ ದೊರೆಯದೆ ಮಠದ ಹೊಸ್ತಿಲಲ್ಲಿ ಮಾತ್ರ ದೊರೆತ ಉದಾಹರಣೆಗಳು ಎಷ್ಟೋ. ಕೊಳ್ಳುವವನು ಅದನ್ನು ವ್ಯಾಪಾರವೆಂದು ತಿಳಿಯದೆ ಪ್ರಸಾದವೆಂದು ತಿಳಿಯುವುದರಿಂದ ಚೌಕಾಸಿ ಮಾಡುವುದಿಲ್ಲ, ನಕಲು ಮಾಡಿಸಲು ಅಳುಕುತ್ತಾನೆ. ವ್ಯಾಪಾರದ ದೃಷ್ಟಿಯಿಂದ ಇದಕ್ಕಿಂತ ಭದ್ರವಾದ ಮಾರುಕಟ್ಟೆಯಿಲ್ಲ. ಆದರೆ ಒಂದೇ ಬಾಗಿಲಿನ ಮನೆಯಲ್ಲಿ ಬಾಗಿಲು ಕಾಯುವವನೇ ಯಜಮಾನ. ವಾಲ್‌ಮಾರ್ಟ್ ಸಂಸ್ಥೆಯು ಅಶ್ಲೀಲತೆಯ ಎಚ್ಚರಿಕೆಯ ಚೀಟಿ ಅಂಟಿಸಿದ ಸಂಪುಟಗಳನ್ನು ಮಾರುವುದಿಲ್ಲವೆಂದು ಪಟ್ಟು ಹಿಡಿದಿತ್ತು. 1996ರಲ್ಲಿ ಶೆರಿಲ್ ಕ್ರೋ ಎಂಬ ಗಾಯಕಿ ತನ್ನ ಒಂದು ಹಾಡಿನಲ್ಲಿ ಆ ಮಳಿಗೆಯ ಬಂದೂಕು ಮಾರಾಟವನ್ನು ಕುಟುಕಿದಳೆಂಬ ಕಾರಣಕ್ಕೆ ಆ ಸಂಪುಟವನ್ನೇ ಹೊರಗಿಟ್ಟಿತು. 2009ರಲ್ಲಿ ಗ್ರೀನ್ ಡೇ ತಂಡವು ತನ್ನ ಹಾಡುಗಳ ತಿದ್ದಿದ ಪ್ರತಿಯನ್ನು ಕೊಡಲು ಒಪ್ಪದೆ ಆ ಹಲಗೆಗಳಿಂದ ದೂರ ಉಳಿಯಿತು. ಡಾಂಭಿಕ ಗುರುಗಳನ್ನು ಕಟುವಾಗಿ ಹಳಿದ ಕಡಕೋಳದ ಮಡಿವಾಳಪ್ಪನ ಪದಗಳು ಕೇವಲ ಮಠಗಳ ಮಳಿಗೆಯನ್ನು ನಂಬಿಕೊಂಡಿದ್ದರೆ ಅವುಗಳ ಗತಿ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ತೇರಿನ ಬೀದಿಯ ಬಟ್ಟೆಹಾಸಿನ ಅಂಗಡಿಯವನಿಗೆ ಇಂಥ ಪಥ್ಯವಿರಲಿಲ್ಲ. ಮಡಿವಾಳಪ್ಪನೂ, ಶಿಶುನಾಳ ಶರೀಫರೂ, ದಾಸರ ಪದವೂ, ಆ ವರ್ಷದ ಸಿನಿಮಾ ಹಾಡೂ ಅವನಿಗೆ ಸಮಾನ. ಅವನ ನಿರ್ಲಿಪ್ತತೆ ನಮ್ಮ ಸಂಗೀತಕ್ಕೆ ಮಾಡಿದ ಉಪಕಾರ ಸಾಮಾನ್ಯವಾದುದಲ್ಲ.

ಮಾರುವ ಸ್ಥಳದ ಮಾತು ಇಷ್ಟಾಯಿತು; ಇನ್ನು ಒಡೆತನದ ಮಾತು. ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿಯಲ್ಲಿ ಮಹಾಗಾಂವ ಕ್ರಾಸನ್ನು ದಾಟಿ ಮುಂದೆ ಹೋದರೆ ಕಮಲಾಪುರ ಬರುತ್ತದೆ. ಈಗ ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಕೆಂಬಾಳೆ ಭೌಗೋಳಿಕ ಸೂಚಕದ ಮನ್ನಣೆ ಪಡೆದಿದೆ. ಕೆಂಪು ಸಿಪ್ಪೆಯ ಆ ಹಣ್ಣನ್ನು ರಸ್ತೆಯ ಬದಿಯಲ್ಲಿ ಕಂಡು ಗಾಡಿ ನಿಲ್ಲಿಸದೆ ಹೋಗುವವರು ಕಡಿಮೆ. ಕಮಲಾಪುರದ ಹಣ್ಣಿಗೆ ಅದರ ಮಣ್ಣೇ ಕಾವಲು: ಬೇರೆಡೆ ಬೆಳೆದದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ, ಅದರ ಹೆಸರಿನ ಲಾಭ ಬೆಳೆಗಾರನನ್ನು ಬಿಟ್ಟು ಬಹಳ ದೂರ ಹೋಗದು. ಅದೇ ಊರಿನ ಭಜನಾಮೇಳದ ಪದಕ್ಕೆ ಇಂಥ ಕಾವಲಿಲ್ಲ. ಒಮ್ಮೆ ಮುದ್ರಣವಾಯಿತೆಂದರೆ ಆ ಧ್ವನಿ ಮುದ್ರಿಸಿದವನದು.

ಇಲ್ಲಿಯೇ ಈಗಲ್ಸ್ ತಂಡಕ್ಕೂ ನಮ್ಮ ಗಾಯಕರಿಗೂ ಇರುವ ನಿಜವಾದ ಅಂತರ ಕಾಣುತ್ತದೆ. ಆ ಒಪ್ಪಂದದಲ್ಲಿ ಅವರ ಕೈ ಮೇಲಾಗಿಸಿದ್ದು ಮಳಿಗೆಯ ಗಾತ್ರವಲ್ಲ, ಮೂಲಪ್ರತಿಯ ಒಡೆತನ. ತಮ್ಮದೇ ವಸ್ತುವನ್ನು ತಮಗೆ ಬೇಕಾದ ಅಂಗಡಿಗೆ, ತಾವು ಗೊತ್ತುಪಡಿಸಿದ ಅವಧಿಗೆ, ತಾವು ಒಪ್ಪಿದ ಷರತ್ತಿನ ಮೇಲೆ ಕೊಟ್ಟರು. ನಮ್ಮಲ್ಲಿ ನಡೆದುಬಂದ ಪದ್ಧತಿ ಬೇರೆ. ಕ್ಯಾಸೆಟ್ ಕಂಪನಿಯವನು ಮೇಳವನ್ನು ನಗರದ ಸ್ಟುಡಿಯೊಗೆ ಕರೆಸಿ, ಬಸ್ಸಿನ ಚಾರ್ಜು, ಊಟ, ಒಂದು ಇಡಿಗಂಟಿನ ಮೊತ್ತ, ಮೇಲೆ ಒಂದಷ್ಟು ಪ್ರತಿಗಳನ್ನು ಕೊಟ್ಟು ಕಳಿಸಿದರೆ ಲೆಕ್ಕ ಚುಕ್ತಾ. ಆ ಪ್ರತಿಗಳನ್ನು ಗಾಯಕರು ತಮ್ಮ ಕಾರ್ಯಕ್ರಮಗಳಲ್ಲಿ ತಾವೇ ಮಾರಿಕೊಂಡದ್ದೇ ಅವರು ಕಂಡ ಏಕಮುಖ ಮಾರಾಟ. ಸುರುಳಿ ಸಾವಿರಗಟ್ಟಲೆ ಹೋದರೂ ಸರಿ, ಹೋಗದಿದ್ದರೂ ಸರಿ, ಅವರ ಪಾಲು ಬದಲಾಗದು. ತಮ್ಮ ಧ್ವನಿ ಟಂಟಂ ಗಾಡಿಯಲ್ಲಿ, ಚಹಾದಂಗಡಿಯಲ್ಲಿ, ಮದುವೆಯ ಚಪ್ಪರದಲ್ಲಿ ಮೊಳಗುವುದನ್ನು ಕೇಳಿ ಅವರು ಸಂತೋಷಪಟ್ಟರು. ಆ ಸಂತೋಷ ಸುಳ್ಳಲ್ಲ. ಆದರೆ ಅದು ವೇತನವೂ ಅಲ್ಲ.

ಕಾನೂನು ಇವರನ್ನು ಪೂರ್ತಿ ಮರೆತಿದೆಯೆನ್ನಲಾಗದು. ನಮ್ಮ ಕೃತಿಸ್ವಾಮ್ಯದ ಕಾಯಿದೆ 1957ರದು. ಅದರಂತೆ ಕವಿ ತೀರಿಕೊಂಡು ಅರುವತ್ತು ವರ್ಷ ಕಳೆದ ಮೇಲೆ ರಚನೆಯು ಸಾರ್ವಜನಿಕರ ಸ್ವತ್ತು. ಆದುದರಿಂದ ಬಹು ಹಿಂದೆಯೇ ತೀರಿಕೊಂಡ ಮಡಿವಾಳಪ್ಪನ ಪದವನ್ನು ಯಾರು ಬೇಕಾದರೂ ಹಾಡಬಹುದು, ಯಾರು ಬೇಕಾದರೂ ಮುದ್ರಿಸಬಹುದು. ಆದರೆ ಮುದ್ರಿತವಾದ ಧ್ವನಿಗೆ ಪ್ರತ್ಯೇಕವಾದ ಸ್ವಾಮ್ಯ ಹುಟ್ಟುತ್ತದೆ, ಅದು ಸಾಮಾನ್ಯವಾಗಿ ನಿರ್ಮಾಪಕನದು. 1994ರ ತಿದ್ದುಪಡಿ ಪ್ರದರ್ಶಕ ಕಲಾವಿದನಿಗೂ ಒಂದು ಹಕ್ಕಿದೆಯೆಂದು ಒಪ್ಪಿತು; 2012ರ ತಿದ್ದುಪಡಿ ಆ ಪ್ರದರ್ಶನವನ್ನು ವಾಣಿಜ್ಯಕ್ಕೆ ಬಳಸಿದರೆ ರಾಯಧನ ಸಲ್ಲಬೇಕೆಂದಿತು; ಮರುವರ್ಷ ಗಾಯಕರ ಪರವಾಗಿ ಹಣ ಸಂಗ್ರಹಿಸುವ ‘ಇಸ್ರಾ’ ಎಂಬ ಸಂಘವೂ ಹುಟ್ಟಿತು. ಈ ಸಂಘ ಮುಂಬಯಿಯ ಹಿನ್ನೆಲೆ ಗಾಯಕರ ಹೋರಾಟದ ಫಲ. ಕಲಬುರಗಿಯ ಹಳ್ಳಿಯ ಮೇಳದವರೆಗೆ ಈ ಫಲ ಉರುಳಿ ಬಂದಿಲ್ಲ. ತಾವು ಹೆಬ್ಬೆಟ್ಟು ಅಥವಾ ಸಹಿ ಹಾಕಿದ ಕಾಗದದಲ್ಲಿ ಏನಿತ್ತೆಂದು ಕೇಳಿದರೆ, ಅದನ್ನು ಓದಿಸಿಕೊಂಡವರೇ ಅಪರೂಪ.

ಕ್ಯಾಸೆಟ್ಟು ಹೋಯಿತು, ಅದರ ಹಿಂದೆ ತಟ್ಟೆಯೂ ಹೋಯಿತು. ನಡುವೆ ಕೆಲವು ವರ್ಷ ಮೊಬೈಲ್ ರಿಚಾರ್ಜಿನ ಗೂಡಂಗಡಿಗಳು ಹಾಡಿನ ಮಳಿಗೆಗಳಾದವು. ‘ಅಣ್ಣಾ, ಚಿಪ್ಪಿನ್ಯಾಗ ಭಜನಿ ಪದ ಹಾಕಿ ಕೊಡ್ರಿ’ ಎಂದು ಉಗುರಿನಷ್ಟು ಮೆಮೊರಿ ಕಾರ್ಡನ್ನು ಮುಂದೆ ಚಾಚಿದರೆ, ಅಂಗಡಿಯ ಹುಡುಗನು ತನ್ನ ಕಂಪ್ಯೂಟರಿನಿಂದ ನೂರಾರು ಹಾಡುಗಳನ್ನು ಒಂದೇ ಸಲಕ್ಕೆ ಸುರಿದುಕೊಡುತ್ತಿದ್ದನು. ಹಾಡಿದವನ ಹೆಸರಿಲ್ಲ, ಕಂಪನಿಯ ಹೆಸರಿಲ್ಲ, ಚಿತ್ರವಿಲ್ಲ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಮಸುಕಾಗಿಯಾದರೂ ಅಚ್ಚಾಗುತ್ತಿದ್ದ ಗಾಯಕನ ಮುಖವೂ ಮಾಯವಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅಂತರ್ಜಾಲ ಅಗ್ಗವಾದ ಮೇಲೆ ಈ ಗೂಡಂಗಡಿಗಳ ವ್ಯಾಪಾರವೂ ಕುಸಿಯಿತು. ಕಲಬುರಗಿಗೆ ನಿಜವಾದ ಮಹಾಮಳಿಗೆಗಳು ಬಂದು ನೆಲೆಯೂರುವ ವೇಳೆಗೆ ಅವುಗಳಲ್ಲಿ ಇರಿಸಲು ಹಾಡಿನ ಯಾವ ವಸ್ತುವೂ ಉಳಿದಿರಲಿಲ್ಲ.

ಇಂದು ಯೂಟ್ಯೂಬು ಒಂದೇ ಬಾಗಿಲಿನ ಹೊಸ ಮಹಾಮಳಿಗೆ. ಟ್ರ್ಯಾಕ್ಟರಿನಲ್ಲಿ ಮೊಳಗುವ ಉತ್ತರ ಕರ್ನಾಟಕದ ಜಾನಪದ ಗೀತೆಗಳು ಲಕ್ಷಾಂತರ ಜನರನ್ನು ಮುಟ್ಟುತ್ತವೆ. ಕೆಲವು ತರುಣ ಗಾಯಕರು ತಮ್ಮದೇ ಚಾನೆಲನ್ನು ತೆರೆದು, ಮಧ್ಯವರ್ತಿಯಿಲ್ಲದೆ ಹಣವನ್ನೂ ಕಂಡಿದ್ದಾರೆ. ಗಾರ್ತ್ ಬ್ರೂಕ್ಸನು ಮಾಡಿದ್ದನ್ನು ಇವರು ತಮ್ಮ ಅಳತೆಯಲ್ಲಿ ಮಾಡಿದರೆಂದು ಹೇಳಬೇಕು. ಆದರೆ ಭಜನಾಮೇಳದ ಹಿರಿಯರ ಪಾಡು ಕ್ಯಾಸೆಟ್ಟಿನ ಕಾಲದಲ್ಲಿ ಇದ್ದಂತೆಯೇ ಇದೆ: ಇರುಳಿಡೀ ಹಾಡಿದವರು ಅವರು, ಮೊಬೈಲಿನಲ್ಲಿ ಹಿಡಿದು ಚಾನೆಲಿಗೆ ಏರಿಸಿದವನು ಬೇರೊಬ್ಬ, ಜಾಹೀರಾತಿನ ಹಣ ಏರಿಸಿದವನ ಖಾತೆಗೆ.

ಆದುದರಿಂದ ಕಮಲಾಪುರ, ಕಲಬುರಗಿ ಸೀಮೆಯ ಮೇಳಗಳ ಹಿರಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಹಾಡನ್ನು ಯಾವ ಕಂಪನಿಗಾಗಲಿ ಚಾನೆಲಿಗಾಗಲಿ ಕೊಡುವ ಮುನ್ನ ಒಪ್ಪಂದದ ಕಾಗದವನ್ನು ಊರಿನ ಓದುಬಲ್ಲ ಮಕ್ಕಳಿಂದ ಕನ್ನಡದಲ್ಲಿ ಓದಿಸಿ ಕೇಳಿ. ಇಡಿಗಂಟಿನ ಮೊತ್ತದೊಡನೆ ಮಾರಾಟದಲ್ಲಿ ಪಾಲನ್ನೂ ಬರೆಯಿಸಿಕೊಳ್ಳಿ. ಒಡೆತನವನ್ನು ಶಾಶ್ವತವಾಗಿ ಬಿಟ್ಟುಕೊಡದೆ ಇಷ್ಟು ವರ್ಷಕ್ಕೆಂದು ಅವಧಿಯನ್ನು ಗೊತ್ತುಪಡಿಸಿ. ಮೇಳದ ಎಲ್ಲರ ಹೆಸರೂ ಹಾಡಿನ ಜೊತೆಯಲ್ಲಿ ಕಾಣುವಂತೆ ಷರತ್ತು ಹಾಕಿ. ಸಾಧ್ಯವಾದರೆ ಮೇಳದ ಹೆಸರಿನಲ್ಲಿಯೇ ಒಂದು ಚಾನೆಲನ್ನು ತೆರೆಯಿರಿ. ಕೇಳುವ ನಾವೂ ಬೇರೆಯವರು ಏರಿಸಿದ ಪ್ರತಿಯನ್ನು ಬಿಟ್ಟು ಮೇಳದವರದೇ ಪ್ರತಿಯನ್ನು ಹುಡುಕಿ ಕೇಳೋಣ.